1001 ಒಂದುಗಳ ಸಂಖ್ಯೆ: ಅವಿಭಾಜ್ಯವೋ, ಸಂಯುಕ್ತವೋ?

ತುಂಗಾತೀರ (ತೀರ್ಥಹಳ್ಳಿ):
ಲೆಕ್ಕ ಬಲ್ಲವರು ಸ್ವಲ್ಪ ಇತ್ತ ನೋಡಿ. ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳ ಗುಂಪಿನವರು ಒಂದು ಫ್ಲೆಕ್ಸ್ ಮಾಡಿಸುತ್ತಿದ್ದಾರೆ. ಅದರ ಮೇಲೆ ಬರೀ 1 ಅನ್ನೋ ಅಂಕಿ, ಒಟ್ಟು 1001 ಸಲ. ನಡುವೆ ಅಲ್ಪವಿರಾಮ ಇಲ್ಲ, ಜಾಗ ಇಲ್ಲ, ಇಡೀದು ಒಂದೇ ಸಂಖ್ಯೆ. ಕೆಳಗೆ ಪ್ರಶ್ನೆ: "ಇದು ಅವಿಭಾಜ್ಯವೋ, ಸಂಯುಕ್ತವೋ?" ತಮಾಷೆ ಏನೆಂದರೆ, ಉತ್ತರ ಇವರಿಗೇ ಗೊತ್ತಿಲ್ಲ. ಮಗಳು ಅವಿಭಾಜ್ಯ ಅನ್ನುತ್ತಾಳೆ, ಅವಳ ಗೆಳತಿ ಅಲ್ಲ ಅನ್ನುತ್ತಾಳೆ. ಮೊಬೈಲ್ ಕ್ಯಾಲ್ಕುಲೇಟರ್ ಅಷ್ಟುದ್ದ ಬರೆಯಲಿಕ್ಕೇ ಬಿಡುವುದಿಲ್ಲ. ಶುಕ್ರವಾರ ಅಂಗಡಿಗೆ ಕೊಡಬೇಕು. ಒಂಬತ್ತನೇ ಕ್ಲಾಸಿನವರಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?

ಮಂಡಿ ಗುಮಾಸ್ತ (ಶಿವಮೊಗ್ಗ):
1001 ಅಂದರೆ ಮದುವೆ ಮನೆಯ ಮುಯ್ಯಿ ಅಲ್ವಾ ಮಾರಾಯ್ರೇ. ಅಂಕಿಗೆ ಒಂದಿಂಚು ಅಂದರೂ ಫ್ಲೆಕ್ಸ್ 83 ಅಡಿ ಉದ್ದ ಆಗುತ್ತದೆ. ಶಾಲೆಯಲ್ಲಿ ಅಷ್ಟು ಗೋಡೆ ಇದೆಯಾ?

ಎಲೆಚುಕ್ಕಿ (ಹೊಸನಗರ):
1001ನ್ನು 7 ಭಾಗಿಸುತ್ತದೆ, 11 ಭಾಗಿಸುತ್ತದೆ, 13 ಭಾಗಿಸುತ್ತದೆ. 7×11×13 = 1001. ಹಾಗಾಗಿ ಈ ಸಂಖ್ಯೆಯನ್ನೂ ಅವು ಭಾಗಿಸುತ್ತವೆ. ಮುಗೀತು. ತೋಟಕ್ಕೆ ಹೋಗುವುದಿದೆ.

ಸಾಗರದಕ್ಕ:
ತೋಟಕ್ಕೆ ಆಮೇಲೆ ಹೋಗಿ ಅಣ್ಣ. 1001 ಅನ್ನುವುದು ಅಂಕಿಗಳ ಎಣಿಕೆ. ನಾವು ಭಾಗಿಸಬೇಕಾದದ್ದು ಸಂಖ್ಯೆಯನ್ನು. 111111, ಅಂದರೆ ಆರು ಒಂದು, 7ರಿಂದ ಭಾಗ ಹೋಗುತ್ತದೆ: 7×15873. ಏಳು ಒಂದು ಬರೆದರೆ 1111111, ಅದು 7ಕ್ಕೆ ಹೋಗುವುದಿಲ್ಲ, 1 ಉಳಿಯುತ್ತದೆ. ಅಂದರೆ 7ಕ್ಕೆ ಬೇಕಾದದ್ದು ಆರರ ಗುಂಪು. 13ಕ್ಕೂ ಆರರ ಗುಂಪೇ, 13×8547 = 111111. 11ಕ್ಕೆ ಎರಡರ ಗುಂಪು. 1001 ಆರರ ಮಗ್ಗಿಯಲ್ಲೂ ಇಲ್ಲ, ಎರಡರ ಮಗ್ಗಿಯಲ್ಲೂ ಇಲ್ಲ. ಹಾಗಾಗಿ ಈ ಮೂರರಲ್ಲಿ ಒಂದೂ ನಮ್ಮ ಸಂಖ್ಯೆಯನ್ನು ಭಾಗಿಸುವುದಿಲ್ಲ. 3 ಕೂಡ ಆಗುವುದಿಲ್ಲ, ಅಂಕಿಗಳ ಮೊತ್ತ 1001, ಅದು ಮೂರರ ಅಪವರ್ತ್ಯ ಅಲ್ಲ. 2, 5 ಕೇಳುವುದೇ ಬೇಡ. ನಾನು 37, 41 ಕೂಡ ನೋಡಿದೆ, ಶೇಷ ಬರುತ್ತದೆ.

ತುಂಗಾತೀರ:
ಹಾಗಾದರೆ ಮಗಳು ಹೇಳಿದ್ದೇ ಸರಿಯಾ ಅಕ್ಕ? ಅವಿಭಾಜ್ಯವೇ?

ನಿವೃತ್ತ ಮೇಷ್ಟ್ರು (ಶಿವಮೊಗ್ಗ):
ಅವಸರ ಬೇಡ. ಸಂಖ್ಯೆ ಸಂಯುಕ್ತವೇ. ಎಲೆಚುಕ್ಕಿಯವರು 1001ನ್ನು ಒಡೆದದ್ದು ಸರಿಯಾಗಿಯೇ ಇದೆ, ಅದನ್ನು ಬೇರೆ ಥರ ಬಳಸಬೇಕು ಅಷ್ಟೇ.

1001 ಒಂದುಗಳನ್ನು ಏಳೇಳರ ಗುಂಪು ಮಾಡಿ. ಸರಿಯಾಗಿ 143 ಗುಂಪು ಆಗುತ್ತದೆ. ಪ್ರತಿ ಗುಂಪೂ 1111111. ಅಂದರೆ ಇಡೀ ಸಂಖ್ಯೆಯನ್ನು 1111111ರಿಂದ ಶೇಷವಿಲ್ಲದೆ ಭಾಗಿಸಬಹುದು. ಭಾಗಲಬ್ಧ ನೋಡಲಿಕ್ಕೂ ಚೆಂದ: ಒಂದು 1, ಆರು ಸೊನ್ನೆ, ಮತ್ತೆ 1, ಆರು ಸೊನ್ನೆ, ಹೀಗೆ 143 ಒಂದುಗಳು, ಒಟ್ಟು 995 ಅಂಕಿ. ಎರಡು ದೊಡ್ಡ ಸಂಖ್ಯೆಗಳ ಗುಣಲಬ್ಧ ಸಿಕ್ಕಿತಲ್ಲ, ಸಂಯುಕ್ತ ಎನ್ನಲು ಅಷ್ಟು ಸಾಕು. ಹನ್ನೊಂದರ ಗುಂಪು ಮಾಡಿದರೂ ಆಗುತ್ತದೆ, ಹದಿಮೂರರ ಗುಂಪು ಮಾಡಿದರೂ ಆಗುತ್ತದೆ.

ಒಂದುಗಳ ಎಣಿಕೆ ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತವೇ. ಇದಕ್ಕೆ ಅಪವಾದ ಇಲ್ಲ.

ಕೋಡ್ ಹುಡುಗ (ಊರು ಹೊಸನಗರ, ಈಗ ಬೆಂಗಳೂರು):
ಹಾಗಾದರೆ ಎಣಿಕೆ ಅವಿಭಾಜ್ಯ ಆಗಿದ್ದರೆ ಸಂಖ್ಯೆಯೂ ಅವಿಭಾಜ್ಯ. ಫ್ಲೆಕ್ಸ್ ಮೇಲೆ ಇದನ್ನೂ ಹಾಕಿಸಬಹುದು.

ಶಂಕರಘಟ್ಟ ಎಂಎಸ್ಸಿ:
ದಯವಿಟ್ಟು ಹಾಕಿಸಬೇಡಿ. ಮೂರು ಒಂದು: 111 = 3×37. ಐದು ಒಂದು: 11111 = 41×271. ಏಳು ಒಂದು: 1111111 = 239×4649. ಹನ್ನೊಂದು ಒಂದು: 21649×513239. ಹದಿನೇಳು ಒಂದು: 2071723×5363222357. ಎಣಿಕೆ ಎಲ್ಲವೂ ಅವಿಭಾಜ್ಯ, ಸಂಖ್ಯೆ ಒಂದೂ ಅಲ್ಲ. ನಿಜವಾಗಿ ಅವಿಭಾಜ್ಯ ಆಗುವುದು ಎರಡು ಒಂದು (11), ಆಮೇಲೆ 19 ಒಂದು, 23 ಒಂದು. ಅದರ ಮುಂದಿನದು ಎಲ್ಲೋ 317ರಲ್ಲಿ.

ಕೋಡ್ ಹುಡುಗ:
23 ಆದಮೇಲೆ ಸೀದಾ 317ಕ್ಕಾ! ಸರಿ, ಹಾಕಿಸುವುದಿಲ್ಲ.

ಸಾಗರದಕ್ಕ:
ಮೇಷ್ಟ್ರೇ, ಹದಿಮೂರರ ಗುಂಪನ್ನು ಸುಮ್ನೆ ಕಾಗದದ ಮೇಲೆ ಭಾಗಿಸಿ ನೋಡಿದೆ. 53ರಿಂದ ಶುರು ಮಾಡಿದ್ದು. ಮಗಳಿಗೆ ತೋರಿಸಲು ಚೆನ್ನಾಗಿದೆ, ಪೂರ್ತಿ ಬರೆಯುತ್ತೇನೆ.

111ರಲ್ಲಿ 53 ಎರಡು ಸಲ, ಉಳಿದದ್ದು 5. ಒಂದು ಇಳಿಸಿದರೆ 51, ಹೋಗುವುದಿಲ್ಲ, ಸೊನ್ನೆ. ಮತ್ತೊಂದು ಇಳಿಸಿದರೆ 511, ಒಂಬತ್ತು ಸಲ, ಉಳಿದದ್ದು 34. 341, ಆರು ಸಲ, 23. 231, ನಾಲ್ಕು ಸಲ, 19. 191, ಮೂರು ಸಲ, 32. 321, ಆರು ಸಲ, 3. 31, ಸೊನ್ನೆ. 311, ಐದು ಸಲ, 46. 461, ಎಂಟು ಸಲ, 37. 371, ಸರಿಯಾಗಿ ಏಳು ಸಲ. ಉಳಿದದ್ದು ಏನೂ ಇಲ್ಲ!

ಎಷ್ಟು ಒಂದು ಖರ್ಚಾಯಿತು ಎಣಿಸಿ ನೋಡಿ, ಹದಿಮೂರು. ಭಾಗಲಬ್ಧ 20964360587. ಶೇಷ ಸೊನ್ನೆ ಆಯಿತಲ್ಲ, ಹದಿನಾಲ್ಕನೇ ಒಂದರಿಂದ ಮತ್ತೆ ಮೊದಲಿನಿಂದ ಇದೇ ಲೆಕ್ಕ. 1001ರ ಒಳಗೆ ಈ ಆಟ 77 ಸಲ ನಡೆಯುತ್ತದೆ, ಕೊನೆಯ ಒಂದರ ಹತ್ತಿರ ಸರಿಯಾಗಿ ಮುಗಿಯುತ್ತದೆ. 53 ನಮ್ಮ ಸಂಖ್ಯೆಯ ಅಪವರ್ತನ. ಕ್ಯಾಲ್ಕುಲೇಟರ್ ಬೇಡ, ಏನೂ ಬೇಡ.

ತುಂಗಾತೀರ:
ಅಕ್ಕಾ, ಇದನ್ನು ಮಗಳಿಗೆ ಓದಿ ಹೇಳಿದೆ. ಪೆನ್ಸಿಲ್ ತಗೊಂಡು ಕೂತಿದ್ದಾಳೆ. ಅವಳ ಪ್ರಶ್ನೆ: 53ಕ್ಕಿಂತ ಸಣ್ಣ ಅಪವರ್ತನ ಇದೆಯಾ?

ಶಂಕರಘಟ್ಟ ಎಂಎಸ್ಸಿ:
ಇಲ್ಲ. 53ಯೇ ಎಲ್ಲಕ್ಕಿಂತ ಸಣ್ಣದು. ತೋರಿಸುತ್ತೇನೆ.

1ನ್ನು 7ರಿಂದ ಭಾಗಿಸಿದರೆ 0.142857 142857... ಆರು ಅಂಕಿ ಮರುಕಳಿಸುತ್ತವೆ. 7ಕ್ಕೆ ಆರರ ಗುಂಪು ಬೇಕು ಅಂತ ಸಾಗರದಕ್ಕ ಹೇಳಿದರಲ್ಲ, ಅದೇ ಆರು. 1ನ್ನು 53ರಿಂದ ಭಾಗಿಸಿದರೆ 0.0188679245283, ಅಲ್ಲಿಂದ ಮತ್ತೆ 0188... ಮರುಕಳಿಸುವುದು ಹದಿಮೂರು ಅಂಕಿ. 1ನ್ನು 239ರಿಂದ ಭಾಗಿಸಿದರೆ 0.0041841 0041841... ಏಳು ಅಂಕಿ. 2, 3, 5 ಬಿಟ್ಟು ಯಾವ ಅವಿಭಾಜ್ಯವನ್ನೇ ತೆಗೆದುಕೊಳ್ಳಿ, ಅದರ ದಶಮಾಂಶ ಎಷ್ಟು ಅಂಕಿಗೊಮ್ಮೆ ಮರುಕಳಿಸುತ್ತದೋ ಅಷ್ಟು ಒಂದುಗಳ ಗುಂಪನ್ನು ಅದು ಭಾಗಿಸುತ್ತದೆ. ಆ ಎಣಿಕೆ 1001ನ್ನು ಭಾಗಿಸಿದರೆ ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ, ಇಲ್ಲದಿದ್ದರೆ ಇಲ್ಲ.

ಈಗ ಇನ್ನೊಂದು ಸಂಗತಿ. ಮರುಕಳಿಸುವ ಅಂಕಿಗಳ ಎಣಿಕೆ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸುತ್ತದೆ. 53ಕ್ಕೆ 13, ಅದು 52ನ್ನು ಭಾಗಿಸುತ್ತದೆ. ಇದು ಫರ್ಮಾನ ಪ್ರಮೇಯದಿಂದ ಬರುವುದು. ನಮಗೆ ಬೇಕಾದ ಎಣಿಕೆಗಳು 1001ರ ಭಾಜಕಗಳು ಮಾತ್ರ: 7, 11, 13, 77, 91, 143, 1001. ಹಾಗಾಗಿ ಅಪವರ್ತನದಿಂದ ಒಂದು ಕಳೆದರೆ ಅದು 7, 11 ಅಥವಾ 13ರ ಮಗ್ಗಿಯಲ್ಲಿ ಇರಬೇಕು, ಜೊತೆಗೆ ಸಮಸಂಖ್ಯೆಯೂ ಆಗಿರಬೇಕು. 53ರ ಒಳಗೆ ಅಂಥ ಅವಿಭಾಜ್ಯಗಳು ಮೂರೇ ಮೂರು: 23, 29, 43. ಅವುಗಳ ದಶಮಾಂಶ ಮರುಕಳಿಸುವುದು 22, 28, 21 ಅಂಕಿಗಳಿಗೆ. ಮೂರೂ 1001ನ್ನು ಭಾಗಿಸುವುದಿಲ್ಲ. ಆದ್ದರಿಂದ 53ಯೇ ಮೊದಲನೆಯದು.

ಮಂಡಿ ಗುಮಾಸ್ತ:
ಸಾವಿರ ಅಂಕಿ ಇರುವ ಸಂಖ್ಯೆಗೆ ಮೂರೇ ಮೂರು ನೋಡಿ ಮುಗಿಸಿದಿರಾ? ನಮ್ಮ ಮಂಡಿಯಲ್ಲಿ ಅಡಿಕೆ ಚೀಲ ಎಣಿಸುವಾಗಲೂ ಇಷ್ಟು ಬೇಗ ಆಗುವುದಿಲ್ಲ.

ನಿವೃತ್ತ ಮೇಷ್ಟ್ರು:
ಇಂಥ ಸಂಖ್ಯೆಗಳ ಮೇಲಿನ ಪ್ರೀತಿ ನಮ್ಮಲ್ಲಿ ಹಳೆಯದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. ಹಾರ ಅಂದರೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139×109 = 15151. 152207×73 = 11111111, ಎಂಟು ಒಂದು. 12345679×9 = 111111111, ಒಂಬತ್ತು ಒಂದು. 142857143×7 = 1000000001. 333333666667×33 = 11000011000011. ಇವನ್ನು ಮಕ್ಕಳ ಕೈಲಿ ಗುಣಿಸಿಸಿ, ಖುಷಿಪಡುತ್ತಾರೆ. ಯಂತ್ರ ಇಲ್ಲದ ಕಾಲದಲ್ಲಿ 152207ರ ಜೊತೆ 73ನ್ನು ಜೋಡಿ ಮಾಡಿ ಕೊಡಬೇಕಾದರೆ ಮೊದಲು ಎಂಟು ಒಂದುಗಳನ್ನು ಒಡೆಯಲು ಗೊತ್ತಿರಬೇಕು. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಗುಣಾಕಾರ ಯಾರು ಬೇಕಾದರೂ ಮಾಡಿಯಾರು.

ಎಲೆಚುಕ್ಕಿ:
ತೋಟದಿಂದ ಬಂದೆ. ಇಲ್ಲಿ ಇನ್ನೂ ಒಂದು ಎಣಿಸುತ್ತಿದ್ದೀರಿ. ಇದರಿಂದ ಅಡಿಕೆಯ ಎಲೆಚುಕ್ಕಿ ರೋಗ ಹೋಗುತ್ತದಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು:
ಹೋಗುವುದಿಲ್ಲ. ಯಕ್ಷಗಾನ ನೋಡಿದರೂ ಹೋಗುವುದಿಲ್ಲ, ಆದರೂ ರಾತ್ರಿಯಿಡೀ ಕೂರುತ್ತೀರಲ್ಲ.

ಎಲೆಚುಕ್ಕಿ:
ಅದು ಸರಿ ಬಿಡಿ.

ಕೋಡ್ ಹುಡುಗ:
ನನ್ನದೊಂದು ಅನುಮಾನ. ಈ ಸಂಖ್ಯೆ ಪೂರ್ಣವರ್ಗ ಏನಾದರೂ ಆಗಿರಬಹುದಾ? ವರ್ಗಮೂಲ ಹುಡುಕುವ ಪ್ರೋಗ್ರಾಂ ಬರೆಯಲಾ?

ಸಾಗರದಕ್ಕ:
ಪ್ರೋಗ್ರಾಂ ಯಾಕಪ್ಪ, ಕೊನೆಯ ಎರಡು ಅಂಕಿ ನೋಡು. 11. ನಾಲ್ಕರಿಂದ ಭಾಗಿಸಿದರೆ ಶೇಷ 3. ಯಾವ ಪೂರ್ಣವರ್ಗಕ್ಕೂ ನಾಲ್ಕರಿಂದ ಭಾಗಿಸಿದಾಗ ಶೇಷ 0 ಅಥವಾ 1 ಮಾತ್ರ ಬರುವುದು. ಅದಕ್ಕೇ ಇದು ವರ್ಗ ಅಲ್ಲ. ಎರಡು ವರ್ಗಗಳನ್ನು ಕೂಡಿಸಿದರೂ ಶೇಷ 0, 1, 2 ಬರುತ್ತದೆಯೇ ಹೊರತು 3 ಬರುವುದಿಲ್ಲ, ಹಾಗಾಗಿ ಎರಡು ವರ್ಗಗಳ ಮೊತ್ತವೂ ಅಲ್ಲ. 11, 111, 1111 ಹೀಗೆ ಎಷ್ಟೇ ಉದ್ದ ಹೋದರೂ ಇದೇ ಕಥೆ.

ಶಂಕರಘಟ್ಟ ಎಂಎಸ್ಸಿ:
ನಾನೂ ಕೈಲೆಕ್ಕದಲ್ಲೇ ಒಂದು ತೋರಿಸುತ್ತೇನೆ. 547 ಕೂಡ ಇದರ ಅಪವರ್ತನ. ಇಲ್ಲಿ ಭಾಗಾಕಾರ ಮಾಡುತ್ತಾ ಕೂರುವುದು ಬೇಡ, 547ರಿಂದ ಭಾಗಿಸಿದಾಗ ಉಳಿಯುವ ಶೇಷ ಮಾತ್ರ ಹಿಡಿದುಕೊಂಡು ಹೋಗೋಣ.

10ರ 3ನೇ ಘಾತ 1000. ಶೇಷ 453. ಇದನ್ನೇ −94 ಅಂತ ಬರೆದರೆ ಲೆಕ್ಕ ಹಗುರ. 6ನೇ ಘಾತಕ್ಕೆ 94×94 = 8836, ಶೇಷ 84. 7ನೇ ಘಾತಕ್ಕೆ 840, ಶೇಷ 293. ಆರೂ ಏಳೂ ಸೇರಿ 13: 84×293 = 24612, ಶೇಷ 544, ಅಂದರೆ −3. ಇಲ್ಲಿ ಲೆಕ್ಕ ತಾನಾಗಿಯೇ ಸಣ್ಣದಾಯಿತು ನೋಡಿ. 91 ಅಂದರೆ 13×7, ಹಾಗಾಗಿ −3ರ 7ನೇ ಘಾತ ಬೇಕು: −2187. 547×4 = 2188. ಶೇಷ 1.

ಅಂದರೆ 10ರ 91ನೇ ಘಾತದಿಂದ 1 ಕಳೆದರೆ, ಅದು 91 ಒಂಬತ್ತುಗಳ ಸಂಖ್ಯೆ, 547ಕ್ಕೆ ಶೇಷವಿಲ್ಲದೆ ಹೋಗುತ್ತದೆ. 547ಕ್ಕೂ 9ಕ್ಕೂ ಸಂಬಂಧ ಇಲ್ಲ, ಆದ್ದರಿಂದ 91 ಒಂದುಗಳೂ ಹೋಗುತ್ತವೆ. 91×11 = 1001. ಆಯಿತು.

ಕೋಡ್ ಹುಡುಗ:
−3 ಬಂದ ಜಾಗ ಸೂಪರ್. ನಾನು ಪೈಥಾನ್‌ನಲ್ಲಿ ಒಂದೊಂದೇ ಅವಿಭಾಜ್ಯ ಕೊಟ್ಟು ನೋಡಿದೆ. 53, 79, 239, 547 ಆದಮೇಲೆ 2003 ಸಿಕ್ಕಿತು. 2003 ಅಂದರೆ 1001ರ ಎರಡರಷ್ಟಕ್ಕೆ ಒಂದು ಜಾಸ್ತಿ. ಇದು ಕಾಕತಾಳೀಯವಾ?

ಶಂಕರಘಟ್ಟ ಎಂಎಸ್ಸಿ:
ಅಲ್ಲ. 2003 ಅವಿಭಾಜ್ಯ. ಅವಿಭಾಜ್ಯದಿಂದ ಒಂದು ಕಳೆದು ಅರ್ಧ ಮಾಡಿದರೆ 1001. 10ರ ಆ ಘಾತದ ಶೇಷ +1 ಅಥವಾ −1 ಎರಡರಲ್ಲಿ ಒಂದೇ ಆಗಬೇಕು, ಮೂರನೆಯದು ಸಾಧ್ಯವಿಲ್ಲ. ಆಯ್ಲರ್ ತೋರಿಸಿಕೊಟ್ಟದ್ದು. +1 ಬಂದರೆ ನಮಗೆ ಅಪವರ್ತನ. ಅಂದರೆ 2003 ಅರ್ಧಕ್ಕರ್ಧ ಗೆದ್ದೇ ಬಂದಿತ್ತು.

+1 ಅಂತ ಕೈಯಲ್ಲೇ ನೋಡಬಹುದು. 2003ರಿಂದ ಭಾಗಿಸಿದಾಗ 10ರ 4ನೇ ಘಾತದ ಶೇಷ −15. 8ನೆಯದು 225. 16ನೆಯದು 550. 32ನೆಯದು 47. 64ನೆಯದು 206. 64, 8, 4, 1 ಸೇರಿದರೆ 77, ಅದರ ಶೇಷ −87. 1001 ಅಂದರೆ 77×13, ಹಾಗಾಗಿ −87ರ 13ನೇ ಘಾತ ಬೇಕು. 87ರ 2ನೇ ಘಾತ −443, 4ನೆಯದು −45, 8ನೆಯದು 22. 8 ಮತ್ತು 4 ಸೇರಿ 12ನೆಯದು −990. ಇನ್ನೊಂದು 87 ಗುಣಿಸಿದರೆ −86130. 2003×43 = 86129. ಶೇಷ −1. ಮೂಲದಲ್ಲಿ ಇದ್ದದ್ದು −87, ಘಾತ ಬೆಸ, ಚಿಹ್ನೆ ತಿರುಗುತ್ತದೆ. ಉತ್ತರ +1.

ಸಾಗರದಕ್ಕ:
ಇದನ್ನು ನಾನೂ ಮಾಡಿ ನೋಡಿದೆ, ಸರಿ ಬಂತು. ತಂಗಿ, 206ರಿಂದ −87ಕ್ಕೆ ಬರುವ ಹೆಜ್ಜೆ ನುಂಗಿದ್ದೀಯಾ, ಮಕ್ಕಳಿಗೆ ಬಿಡಿಸಿ ಬರೆ: 206×225ರ ಶೇಷ 281. 281×(−15)ರ ಶೇಷ −209. ಹತ್ತರಿಂದ ಗುಣಿಸಿದರೆ −2090, ಅಂದರೆ −87.

ಮಂಡಿ ಗುಮಾಸ್ತ:
ಬ್ಯಾಂಕಿನವರೂ ದೊಡ್ಡ ಸಂಯುಕ್ತ ಸಂಖ್ಯೆಯನ್ನೇ ಬೀಗ ಮಾಡಿಕೊಂಡಿದ್ದಾರೆ ಅಂತ ಕೇಳಿದ್ದೆ. ನೀವು ಮೂರು ಜನ ಪೆನ್ಸಿಲ್‌ನಲ್ಲಿ 1001 ಅಂಕಿಯದ್ದನ್ನು ಒಡೆದು ಹಾಕಿದಿರಿ. ನನ್ನ ದುಡ್ಡಿನ ಗತಿ?

ಕೋಡ್ ಹುಡುಗ:
ದುಡ್ಡು ಭದ್ರ ಅಣ್ಣ. ಆರ್‌ಎಸ್‌ಎ ಅನ್ನುವ ಗುಪ್ತಸಂಕೇತದ ಬೀಗದಲ್ಲಿ ಮಾಮೂಲಾಗಿ ಬಳಸುವ 2048 ಬಿಟ್‌ನ ಸಂಖ್ಯೆಗೆ 617 ಅಂಕಿ. ನಮ್ಮ ಫ್ಲೆಕ್ಸ್‌ಗಿಂತ ಗಿಡ್ಡ. ಆದರೆ ಅದನ್ನು ಮಾಡುವುದು ಮನಬಂದಂತೆ ಆರಿಸಿದ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ. ಅಲ್ಲಿ ಏಳರ ಗುಂಪೂ ಇಲ್ಲ, ಹದಿಮೂರರ ಗುಂಪೂ ಇಲ್ಲ, ಹಿಡಿಯಲು ಒಂದು ತುದಿಯೂ ಸಿಗುವುದಿಲ್ಲ. 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆದರು. ಅದಕ್ಕೆ ಹಿಡಿದ ಕೆಲಸವನ್ನು ಕಂಪ್ಯೂಟರಿನ ಒಂದೇ ಕೋರ್ ಮಾಡಿದ್ದರೆ ಸುಮಾರು 2700 ವರ್ಷ ಬೇಕಿತ್ತು.

ನಿವೃತ್ತ ಮೇಷ್ಟ್ರು:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಂಯುಕ್ತ ಅಂತ ಗೊತ್ತಾಗುವುದು ಬೇರೆ, ಅಪವರ್ತನ ಕೈಗೆ ಸಿಗುವುದು ಬೇರೆ. 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ಮರ್ಸೆನ್ 1644ರಲ್ಲಿ ಅವಿಭಾಜ್ಯಗಳ ಪಟ್ಟಿಯಲ್ಲಿ ಇಟ್ಟಿದ್ದ. 1876ರಲ್ಲಿ ಲ್ಯುಕಾ ಅದು ಸಂಯುಕ್ತ ಅಂತ ತೋರಿಸಿದ, ಆದರೆ ಒಂದು ಅಪವರ್ತನವನ್ನೂ ಹೇಳಲು ಆಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಎನ್ನುವವರು ಒಡೆದು ತೋರಿಸಿದರು: 193707721×761838257287. ಇಪ್ಪತ್ತೊಂದೇ ಅಂಕಿಯ ಸಂಖ್ಯೆ, 27 ವರ್ಷ ಕಾಯಬೇಕಾಯಿತು.

ಅವಿಭಾಜ್ಯವೋ ಅಲ್ಲವೋ ಅನ್ನುವುದನ್ನು ಮಾತ್ರ ಯಾವ ಸಂಖ್ಯೆಗಾದರೂ ಖಚಿತವಾಗಿ, ಸಮಂಜಸ ಸಮಯದಲ್ಲಿ ಹೇಳುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಒಡೆಯಲು ಅಂಥ ಸಲೀಸಾದ ದಾರಿ ನಮ್ಮ ಮಾಮೂಲಿ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ.

ತುಂಗಾತೀರ:
ಮಗಳು ಕೇಳುತ್ತಿದ್ದಾಳೆ: ಹಾಗಾದರೆ ನಮ್ಮ ಸಂಖ್ಯೆ ಪೂರ್ತಿ ಒಡೆದು ಆಯಿತಾ?

ಶಂಕರಘಟ್ಟ ಎಂಎಸ್ಸಿ:
ಇಲ್ಲಿ ನಾವು ಮಾಡಿದ್ದು ಪೂರ್ತಿ ಅಲ್ಲ. 1001ರ ಭಾಜಕಗಳಲ್ಲಿ 1 ಬಿಟ್ಟರೆ ಏಳು ಉಳಿಯುತ್ತವೆ. ಒಂದೊಂದಕ್ಕೂ ಒಂದು ತುಂಡು, ಒಟ್ಟು ಏಳು ತುಂಡಾಗಿ ಸಂಖ್ಯೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅವುಗಳ ಉದ್ದ 7, 11, 13, 60, 72, 120 ಮತ್ತು 721 ಅಂಕಿಗಳು. ಮೊದಲ ಮೂರು ತುಂಡು ಮಕ್ಕಳ ಕೈಗೆ ಸಿಕ್ಕವು. ಮೊದಲ ಎರಡನ್ನು ಒಡೆದದ್ದು ಮೇಲೆಯೇ ಇದೆ, ಮೂರನೆಯದು 53×79×265371653. 547 ಸಿಕ್ಕಿದ್ದು 72 ಅಂಕಿಯ ತುಂಡಿನಲ್ಲಿ. 2003 ಸಿಕ್ಕಿದ್ದು ಕೊನೆಯ 721 ಅಂಕಿಯ ತುಂಡಿನಲ್ಲಿ. ಆ ತುಂಡಿನ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 2002ರ ಮಗ್ಗಿಗೆ ಒಂದು ಸೇರಿಸಿದ ಸಂಖ್ಯೆಯೇ ಆಗಿರಬೇಕು. ಮುಂದಿನ 4005 ಐದಕ್ಕೆ ಹೋಗುತ್ತದೆ, ಬೇಡ. 6007 ಅವಿಭಾಜ್ಯ ಹೌದು, ಆದರೆ ಶೇಷ 1 ಬರಲಿಲ್ಲ. ಅಲ್ಲಿಗೆ ನಾನು ಪೆನ್ ಕೆಳಗಿಟ್ಟೆ.

ಸಾಗರದಕ್ಕ:
ಫ್ಲೆಕ್ಸ್ ವಿಷಯಕ್ಕೆ ಬರೋಣ. ಒಂದೇ ಸಾಲಿನಲ್ಲಿ ಮಾಡಿಸಬೇಡಿ, 83 ಅಡಿ ಯಾರೂ ನಡೆದು ಓದುವುದಿಲ್ಲ. ಸಾಲಿಗೆ 13 ಒಂದು, 77 ಸಾಲು. ಮಾಮೂಲಿ ಬಾಗಿಲಿನ ಎತ್ತರದಲ್ಲಿ ಮುಗಿಯುತ್ತದೆ. ಉತ್ತರ ಫ್ಲೆಕ್ಸ್ ಆಕಾರದಲ್ಲೇ ಇರುತ್ತದೆ, ಗಮನಿಸಿದವರಿಗೆ ಸಿಗುತ್ತದೆ. ಪಕ್ಕದಲ್ಲಿ ಒಂದು ಕರಿಹಲಗೆ ಇಟ್ಟು "ಒಂದು ಸಾಲನ್ನು 53ರಿಂದ ಭಾಗಿಸಿ" ಅಂತ ಬರೆಯಲಿ.

ತುಂಗಾತೀರ:
ಮಗಳಿಗೆ ಹಿಡಿಸಿತು. ಆದರೆ ಅವಳ ಗೆಳತಿ ಸಾಲಿಗೆ 7 ಇರಲಿ, 239 ಕೊಡೋಣ ಅನ್ನುತ್ತಿದ್ದಾಳೆ.

ಮಂಡಿ ಗುಮಾಸ್ತ:
ಸಾಲಿಗೆ 7 ಅಂದರೆ 143 ಸಾಲು, ಸುಮಾರು 12 ಅಡಿ ಎತ್ತರ. ಮಾಡು ಹಾರುತ್ತದೆ. ಹದಿಮೂರೇ ಇರಲಿ. ಮತ್ತೆ ಅಂಗಡಿಯಲ್ಲಿ ಪ್ರಿಂಟ್ ಆಗುವ ಮೊದಲು ಸಾಲು ಎಣಿಸಿ. ಒಂದು ಅಂಕಿ ತಪ್ಪಿದರೆ ಸಾವಿರ ಒಂದು ಆಗಿ 11ಕ್ಕೆ ಭಾಗ ಹೋಗಿಬಿಡುತ್ತದೆ.

ಶಂಕರಘಟ್ಟ ಎಂಎಸ್ಸಿ:
ಗುಮಾಸ್ತರು ಇಷ್ಟು ಹೊತ್ತು ಸುಮ್ಮನೆ ಓದುತ್ತಾ ಕಲಿತುಬಿಟ್ಟರು!

ನಿವೃತ್ತ ಮೇಷ್ಟ್ರು:
ಮುಂದಿನ ವರ್ಷಕ್ಕೆ ಇನ್ನೂ 30 ಒಂದು ಸೇರಿಸಿ 1031 ಮಾಡಲು ಹೇಳಿ. ಅದು ನಿಜವಾಗಿ ಅವಿಭಾಜ್ಯ. 1986ರಲ್ಲಿ ವಿಲಿಯಮ್ಸ್ ಮತ್ತು ಡಬ್ನರ್ ಸಾಧಿಸಿ ತೋರಿಸಿದ್ದಾರೆ. ಈ ವರ್ಷದ್ದನ್ನು ನೋಡಿ ಹೋದವರು ಅದನ್ನೂ ಒಡೆಯಲು ಕೂರುತ್ತಾರೆ.

ತುಂಗಾತೀರ:
ಖಂಡಿತ ಮೇಷ್ಟ್ರೇ. ಅದನ್ನು ಸಾಲಿಗೆ ಎಷ್ಟರಂತೆ ಮಾಡಿಸಬೇಕು?

ನಿವೃತ್ತ ಮೇಷ್ಟ್ರು:
ಎಲ್ಲ ಸಾಲೂ ಸಮ ಬರಬೇಕು ಅಂದರೆ ಒಂದೇ ಸಾಲು. 1031 ಕೂಡ ಅವಿಭಾಜ್ಯ.

ಮಂಡಿ ಗುಮಾಸ್ತ:
86 ಅಡಿ. ಗೋಡೆ ಈಗಲೇ ನೋಡಿಡಿ.